ಗೆಡ್ಡೆ ಕಾಡಿಗಿರಲಿ, ಬೀಜ ಮನೆಗೆ ಬರಲಿ

ಜೂನ್ ತಿಂಗಳ ನಡುವೆ ಮಳೆ ಸರಿಯಾಗಿ ಹಿಡಿಯಿತೆಂದರೆ ಥಾಣೆಯ ಯೇವೂರು, ನವಿ ಮುಂಬಯಿಯ ಖಾರ್ಘರ್ ಮತ್ತು ಪಾರ್ಸಿಕ್ ಗುಡ್ಡಗಳು, ಕಲ್ಯಾಣದಾಚೆಯ ಮಲಂಗಗಡ, ಬದಲಾಪುರದ ಕೊಂಡೇಶ್ವರ ಎಲ್ಲವೂ ಕೆಲವೇ ದಿನಗಳಲ್ಲಿ ಗುರುತು ಸಿಗದಷ್ಟು ಬದಲಾಗುತ್ತವೆ. ಮೇ ತಿಂಗಳಲ್ಲಿ ಕರಿಕಲ್ಲು, ಒಣಹುಲ್ಲು ಬಿಟ್ಟರೆ ಮತ್ತೇನೂ ಕಾಣದಿದ್ದ ಇಳಿಜಾರಿನಲ್ಲಿ ಕಾಡು ಅರಿಶಿನ ತಲೆಯೆತ್ತುತ್ತದೆ, ಬೇಲಿಯ ಮೇಲೆ ಅಗ್ನಿಶಿಖೆ ಹಬ್ಬುತ್ತದೆ, ಹುಲ್ಲಿನ ನಡುವೆ ಬಿಳಿ ಹೂವಿನ ಆರ್ಕಿಡ್ ಗೇಣುದ್ದದ ಕಡ್ಡಿಯ ತುದಿಯಲ್ಲಿ ಅರಳುತ್ತದೆ. ಭಾನುವಾರ ನೋಡಲು ಹೋದವರಲ್ಲಿ ಕೆಲವರಾದರೂ ಹಿಂದಿರುಗುವಾಗ ಪ್ಲಾಸ್ಟಿಕ್ ಚೀಲದಲ್ಲಿ ಬೇರುಸಹಿತ ಒಂದು ಗಿಡ ತರುತ್ತಾರೆ. ಅವರು ಕೆಟ್ಟವರಲ್ಲ, ಬಹುತೇಕ ಗಿಡಗಳನ್ನು ಪ್ರೀತಿಸುವವರು. ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ಪರದೇಶದ ಹೂಗಿಡಕ್ಕಿಂತ ನಮ್ಮ ನೆಲದ ಹೂ ಬಾಲ್ಕನಿಯಲ್ಲಿ ಅರಳಲಿ ಎಂಬುದು ಒಳ್ಳೆಯ ಆಸೆಯೇ. ಆ ಆಸೆ ತಪ್ಪೆಂದು ನಾನು ಹೇಳುವುದಿಲ್ಲ. ಅದು ಈಡೇರಬೇಕಾದರೆ ಗಿಡವನ್ನು ಕೀಳುವುದು ಎಲ್ಲಕ್ಕಿಂತ ಕೆಟ್ಟ ದಾರಿ, ಬೀಜದಿಂದ ಬೆಳೆಸುವುದೇ ಸರಿಯಾದ ದಾರಿ ಎನ್ನುವುದು ನನ್ನ ವಾದ. ಇದರಲ್ಲಿ ನೀತಿಯ ಮಾತು ಇದೆ, ಕಾನೂನಿನ ಮಾತೂ ಇದೆ. ಆದರೆ ಅವೆರಡಕ್ಕಿಂತ ಮೊದಲು ಆ ಗಿಡದ ಜೀವನಕ್ರಮವೇ ಇದನ್ನು ಹೇಳುತ್ತದೆ.

ಈ ಭಾಗದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ವಿಷಯ ಇನ್ನಷ್ಟು ಹತ್ತಿರದ್ದು. ಡೊಂಬಿವಲಿ, ಕಲ್ಯಾಣ, ಥಾಣೆ, ನವಿ ಮುಂಬಯಿಗಳಲ್ಲಿ ಮನೆ ಮಾಡಿರುವ ನಮ್ಮವರಲ್ಲಿ ಬಹಳ ಮಂದಿ ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡ ಕಡೆಯವರು. ಬೇಸಗೆ ರಜೆ ಮುಗಿಸಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಹಿಂದಿರುಗುವಾಗ ಹಪ್ಪಳ, ಕುಚ್ಚಲಕ್ಕಿಯ ಜೊತೆಗೆ ಊರಿನ ಒಂದೆರಡು ಗಿಡಗಳೂ ಬರುತ್ತವೆ. ಮಲ್ಲಿಗೆ, ಅಬ್ಬಲಿಗೆ, ವೀಳ್ಯದ ಬಳ್ಳಿ ಬಂದರೆ ಯಾರೂ ತಡೆಯಬೇಕಾಗಿಲ್ಲ. ಅವು ತಲೆತಲಾಂತರದಿಂದ ಮನುಷ್ಯನ ಕೈಯಲ್ಲಿ ಬೆಳೆದವು, ಕಡ್ಡಿ ಊರಿದರೆ ಚಿಗುರುವಂಥವು. ಅವುಗಳ ಜೊತೆಗೆ ಗುಡ್ಡದ ಮರದಿಂದ ಬಿಡಿಸಿದ ಸೀತಾಳೆ ದಂಡೆಯೋ ಹಾಡಿಯಿಂದ ಕಿತ್ತ ಗೆಡ್ಡೆಯೋ ಬಂದರೆ ಮಾತ್ರ ಯೋಚಿಸಬೇಕು. ಯಾಕೆಂದರೆ ನೆನಪಿಗಾಗಿ ಊರಿನಿಂದ ತರುವ ಆ ಹೂವು ಇಲ್ಲಿ ಮೊದಲೇ ಇದೆ. ಯೇವೂರಿನ ಕಾಡೂ ಬದಲಾಪುರದ ಬೆಟ್ಟಗಳೂ ಆಗುಂಬೆ, ಶಿರಸಿಗಳ ಕಾಡಿನ ಹಾಗೆ ಸಹ್ಯಾದ್ರಿಯ ಪರಿವಾರಕ್ಕೇ ಸೇರಿದವು. ಅಲ್ಲಿನಷ್ಟು ದಟ್ಟವಲ್ಲ, ಮಳೆ ನಿಂತ ಮೇಲೆ ಎಲೆ ಉದುರಿಸುವ ಮರಗಳು ಇಲ್ಲಿ ಹೆಚ್ಚು. ಆದರೂ ಅಗ್ನಿಶಿಖೆ ಇದೆ, ಇಲ್ಲಿನವರು ಕಳಲಾವಿ ಎನ್ನುತ್ತಾರೆ. ಕರ್ಣಕುಂಡಲ ಇದೆ, ಇಲ್ಲಿ ಅದು ತೇರಡಾ. ಸೀತಾಳೆ ದಂಡೆ ಇಲ್ಲಿ ಸೀತೆಯ ವೇಣಿ. ಸುವರ್ಣಗೆಡ್ಡೆಯ ಕಾಡುಬಂಧುವೂ ಇದೆ. ಊರಿನ ಹೂವನ್ನು ಕಾಣಬೇಕೆಂದರೆ ಯೇವೂರಿನ ಗೇಟಿನವರೆಗೆ ಹೋದರೆ ಸಾಕು, ಮಂಗಳೂರಿನಿಂದ ಕಿತ್ತು ತರಬೇಕಾಗಿಲ್ಲ.

ಈ ಗಿಡಗಳ ಬದುಕಿನ ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಥಾಣೆ ಸೀಮೆಯಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಉಳಿದ ಎಂಟು ತಿಂಗಳು ಹೆಚ್ಚುಕಡಿಮೆ ಬರ. ಬಸಾಲ್ಟ್ ಬಂಡೆಯ ಮೇಲಿನ ತೆಳು ಮಣ್ಣು ನವೆಂಬರಿಗೇ ಬಿರುಕು ಬಿಡುತ್ತದೆ. ಇಂಥ ನೆಲದಲ್ಲಿ ಬಾಳಬೇಕಾದ ನೆಲಹೂಗಳು ನಾಲ್ಕು ತಿಂಗಳಲ್ಲಿ ಎಲೆ, ಹೂ, ಕಾಯಿ ಎಲ್ಲ ಮುಗಿಸಿ, ಮುಂದಿನ ಮಳೆಗಾಲಕ್ಕೆ ಬೇಕಾದ ಆಹಾರವನ್ನು ಗೆಡ್ಡೆಯಲ್ಲಿ ತುಂಬಿಟ್ಟು ನೆಲದೊಳಗೆ ಮಲಗುವ ಕ್ರಮವನ್ನು ರೂಢಿಸಿಕೊಂಡಿವೆ. ಇಲ್ಲಿನ ಹುಲ್ಲುಗಾವಲುಗಳಲ್ಲಿ ಅರಳುವ ಹಬನೇರಿಯಾ ಜಾತಿಯ ಆರ್ಕಿಡ್‌ಗಳನ್ನೇ ತೆಗೆದುಕೊಳ್ಳಿ. ಹೂ ಬಿಟ್ಟ ಗಿಡದ ಬುಡದಲ್ಲಿ ಎರಡು ಗೆಡ್ಡೆಗಳಿರುತ್ತವೆ. ಒಂದು ಕಳೆದ ವರ್ಷದ್ದು, ಸುಕ್ಕುಗಟ್ಟಿ ಮೆತ್ತಗಾಗಿರುತ್ತದೆ. ಈ ವರ್ಷದ ಎಲೆ, ಕಾಂಡ, ಹೂವನ್ನೆಲ್ಲ ಸಾಕಿದ್ದು ಅದೇ. ಇನ್ನೊಂದು ಬೆಳ್ಳಗೆ, ಗಟ್ಟಿಯಾಗಿ, ಆಗಷ್ಟೇ ತುಂಬಿಕೊಳ್ಳಲು ಶುರುಮಾಡಿರುತ್ತದೆ. ಹೂ ಉದುರಿದ ಮೇಲೂ ಎಲೆ ಕೆಲವು ವಾರ ಹಸಿರಾಗಿ ಇರುವುದು ಈ ಹೊಸ ಗೆಡ್ಡೆಯನ್ನು ತುಂಬಿಸುವುದಕ್ಕೆ. ಗೆಡ್ಡೆಯೆಂದರೆ ಆ ಗಿಡದ ಕಣಜ. ಹಳೆಯ ಕಣಜ ಬರಿದಾಗಿ ಹೊಸದು ಇನ್ನೂ ತುಂಬದ ದಿನಗಳಲ್ಲೇ ಅದು ಅರಳುವುದು. ನಮಗೆ ಆ ಗಿಡ ಕಣ್ಣಿಗೆ ಬೀಳುವುದು ಹೂ ಬಿಟ್ಟಾಗ, ಕೀಳಬೇಕೆನಿಸುವುದೂ ಆಗಲೇ. ಅದು ಅತ್ಯಂತ ಬಡವಾಗಿರುವ ಕ್ಷಣ ನೋಡಿಯೇ ನಾವು ಕೈ ಹಾಕುತ್ತೇವೆ. ಕುಂಡದಲ್ಲಿ ಅದು ಹತ್ತು ದಿನ ಹೂ ತೋರಿಸಬಹುದು. ಮುಂದಿನ ಜೂನಿನಲ್ಲಿ ಮೊಳೆಯಲು ಅದರ ಬಳಿ ಏನೂ ಉಳಿದಿರುವುದಿಲ್ಲ.

ಹಾಗೂ ಗೆಡ್ಡೆ ಬಲವಾಗಿದ್ದು ಕುಂಡದಲ್ಲಿ ನಿಂತಿತು ಎನ್ನೋಣ. ಆಗ ಅದನ್ನು ಕೊಲ್ಲುವುದು ನಮ್ಮ ಆರೈಕೆ. ಫ್ಲ್ಯಾಟಿನ ಗ್ರಿಲ್ಲಿನಲ್ಲಿಟ್ಟ ಕುಂಡಗಳಿಗೆಲ್ಲ ದಿನಾ ಬೆಳಿಗ್ಗೆ ಒಂದು ತಂಬಿಗೆ ನೀರು ಹಾಕುವುದು ನಮ್ಮ ಮನೆಗಳ ರೂಢಿ. ತುಳಸಿಗೆ, ದಾಸವಾಳಕ್ಕೆ ಅದು ಸರಿ. ಅಕ್ಟೋಬರಿನಲ್ಲಿ ಕಾಡು ಅರಿಶಿನದ ಎಲೆ ಹಳದಿಯಾದಾಗ ಗಿಡಕ್ಕೆ ನೀರು ಸಾಲದೇನೋ ಎಂದು ನಾವು ಇನ್ನೊಂದು ತಂಬಿಗೆ ಹಾಕುತ್ತೇವೆ, ಗೊಬ್ಬರವನ್ನೂ ಕೊಡುತ್ತೇವೆ. ಅದಕ್ಕೆ ಆಗ ಬೇಕಾದದ್ದು ಒಣಮಣ್ಣು, ಎಂಟು ತಿಂಗಳ ನಿದ್ದೆ. ಒದ್ದೆಮಣ್ಣಿನಲ್ಲಿ ಮಲಗಿದ ಗೆಡ್ಡೆ ಡಿಸೆಂಬರಿನೊಳಗೆ ಕೊಳೆತು ಹೋಗುತ್ತದೆ. ನೀರು ಹಾಕದೆ ಬಿಟ್ಟವರ ಮನೆಯಲ್ಲಿಯೂ ತೊಂದರೆ ತಪ್ಪಿದ್ದಲ್ಲ. ಗುಡ್ಡದಲ್ಲಿ ಗೆಡ್ಡೆಯ ಮೇಲೆ ತರಗೆಲೆಯ ಹೊದಿಕೆ ಇರುತ್ತದೆ, ಅಕ್ಕಪಕ್ಕದ ಬಂಡೆ ಬಿಸಿಲನ್ನು ತಡೆಯುತ್ತದೆ, ಮರದ ನೆರಳು ದಿನಕ್ಕೆ ಒಂದಷ್ಟು ಹೊತ್ತು ಮೇಲೆ ಹಾಯುತ್ತದೆ. ಐದನೇ ಮಾಳಿಗೆಯ ಪಶ್ಚಿಮದ ಗ್ರಿಲ್ಲಿನಲ್ಲಿ ಪ್ಲಾಸ್ಟಿಕ್ ಕುಂಡ ಏಪ್ರಿಲ್ ಮಧ್ಯಾಹ್ನ ಕೈ ಇಡಲಾಗದಷ್ಟು ಕಾಯುತ್ತದೆ. ಹೀಗಾಗಿ ಕಾಡಿನ ಹೂವನ್ನು ಮನೆಗೆ ತರುವುದೆಂದರೆ ಅದಕ್ಕೊಂದು ಜಾಗ ಕೊಟ್ಟರೆ ಸಾಲದು, ಅದರ ಕಾಲವನ್ನೂ ಕೊಡಬೇಕು. ಮಳೆಗಾಲದ ಮಳೆಯಷ್ಟೇ ಬೇಸಗೆಯ ಬರವೂ ಅದಕ್ಕೆ ಆಹಾರ. ವರ್ಷವಿಡೀ ಹಸಿರು ಬೇಕೆನ್ನುವ ಬಾಲ್ಕನಿಗೆ, ಖಾಲಿ ಕಾಣುವ ಕುಂಡವನ್ನು ಎಂಟು ತಿಂಗಳು ಹಾಗೇ ಬಿಟ್ಟಿರುವುದು ಕಷ್ಟ. ಆ ತಾಳ್ಮೆ ಇಲ್ಲದ ಮನೆಗೆ ಈ ಗಿಡಗಳು ಸಲ್ಲವು.

ಆರ್ಕಿಡ್‌ಗಳ ವಿಷಯದಲ್ಲಿ ಇನ್ನೊಂದು ಕಟ್ಟು ಇದೆ, ಅದು ಕಣ್ಣಿಗೆ ಕಾಣುವಂಥದ್ದಲ್ಲ. ಅವುಗಳ ಬೀಜ ಧೂಳಿನಷ್ಟು ಸಣ್ಣದು, ಮೊಳಕೆಗೆ ಬೇಕಾದ ಆಹಾರ ಅದರೊಳಗೆ ಇರುವುದಿಲ್ಲ. ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಆ ಬೀಜದೊಳಗೆ ಹೊಕ್ಕು ಉಣಿಸಿದರೆ ಮಾತ್ರ ಅದು ಮೊಳೆಯುತ್ತದೆ. ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲಿ ಈ ಸಂಬಂಧವನ್ನು ಗುರುತಿಸಿದರು. ಅದಕ್ಕೂ ಮೊದಲು ಯುರೋಪಿನ ತೋಟಗಾರರು ಶ್ರೀಮಂತರ ಗಾಜಿನ ಮನೆಗಳಿಗಾಗಿ ಉಷ್ಣವಲಯದ ಕಾಡುಗಳಿಂದ ಆರ್ಕಿಡ್‌ಗಳನ್ನು ಹೇರಳವಾಗಿ ಕೀಳಿಸಿ ತರಿಸಿಕೊಳ್ಳುತ್ತಿದ್ದರು, ಬೀಜದಿಂದ ಬೆಳೆಸಲು ಮಾತ್ರ ಸೋಲುತ್ತಿದ್ದರು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಸಕ್ಕರೆ ಬೆರೆತ ಅಗರಿನ ಮೇಲೆ ಶಿಲೀಂಧ್ರವಿಲ್ಲದೆಯೂ ಬೀಜ ಮೊಳೆಸಬಹುದೆಂದು ತೋರಿಸಿದ ಮೇಲೆ ಪ್ರಯೋಗಾಲಯದ ದಾರಿ ತೆರೆಯಿತು. ಇಂದು ನರ್ಸರಿಯಲ್ಲಿ ಸಿಗುವ ಆರ್ಕಿಡ್‌ಗಳಲ್ಲಿ ಬಹುಪಾಲು ಆ ದಾರಿಯಲ್ಲಿ ಬಂದವು. ಗುಡ್ಡದಿಂದ ಕಿತ್ತ ನೆಲದ ಆರ್ಕಿಡ್ ಆ ದಾರಿಯದ್ದಲ್ಲ. ಬೆಳೆದ ಮೇಲೂ ಅದು ತನ್ನ ಮಣ್ಣಿನ ಶಿಲೀಂಧ್ರವನ್ನು ನೆಚ್ಚಿಕೊಂಡೇ ಬದುಕುತ್ತದೆ. ಆ ಶಿಲೀಂಧ್ರಕ್ಕೆ ಕೊಳೆಯುವ ಎಲೆ, ಅಕ್ಕಪಕ್ಕದ ಬೇರು, ಮಣ್ಣಿನ ತೇವದ ಒಂದು ಹದ ಬೇಕು. ಮರದ ಮೇಲಿನ ಸೀತಾಳೆ ದಂಡೆ ಅಪ್ಪುಸಸ್ಯ. ಅದರ ಬೇರು ತೊಗಟೆಗೆ ಎಷ್ಟು ಬಿಗಿಯಾಗಿ ಅಂಟಿರುತ್ತದೆಂದರೆ ಬಿಡಿಸುವಾಗ ಅರ್ಧ ಬೇರು ಮರದಲ್ಲೇ ಉಳಿಯುತ್ತದೆ. ತೆಂಗಿನ ನಾರಿಗೆ ಕಟ್ಟಿದ ಗಿಡ ತನ್ನ ದಪ್ಪ ಎಲೆಗಳಲ್ಲಿ ಕೂಡಿಟ್ಟ ನೀರಿನ ಬಲದಿಂದ ತಿಂಗಳುಗಟ್ಟಲೆ ಹಸಿರಾಗಿಯೇ ಕಾಣುತ್ತದೆ. ಗಿಡ ಹಿಡಿಯಿತು ಎಂದು ಮನೆಯವರು ಸಂತೋಷಪಡುವಾಗ ಅದು ಒಳಗಿಂದೊಳಗೇ ಸೊರಗುತ್ತಿರುತ್ತದೆ.

ಇಲ್ಲಿ ಎಲ್ಲರೂ ಎತ್ತುವ ಮೊದಲ ಪ್ರಶ್ನೆ: ಇಷ್ಟು ದೊಡ್ಡ ಗುಡ್ಡದಲ್ಲಿ ಒಂದು ಗಿಡ ಕಿತ್ತರೆ ಏನಾಯಿತು? ಕಾಡಿನ ಸುತ್ತ ಇರುವ ಜನಸಂಖ್ಯೆಯೇ ಇದಕ್ಕೆ ಉತ್ತರ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ವಿಸ್ತಾರ ಸುಮಾರು 103 ಚದರ ಕಿಲೋಮೀಟರ್. ಅದರ ಒಂದು ಬದಿಗೆ ಮುಂಬಯಿ, ಇನ್ನೊಂದು ಬದಿಗೆ ಥಾಣೆ. ಸಾವಿರಕ್ಕೆ ಒಬ್ಬರು ಒಂದೊಂದು ಗಿಡ ಕಿತ್ತರೂ ಕಾಲುದಾರಿಯ ಎರಡು ಬದಿ ಬರಿದಾಗಲು ಹೆಚ್ಚು ವರ್ಷ ಬೇಡ. ಹಾಗೆ ಬೇರಿನ ಆಸೆಗೆ ಸೊರಗಿದ ಗಿಡವೊಂದು ಈ ಕಾಡಿನ ಅಂಚಿನ ಊರಿನ ಹೆಸರನ್ನೇ ಹೊತ್ತಿದೆ. ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಸಸ್ಯಶಾಸ್ತ್ರಜ್ಞ ಫಾದರ್ ಸಂತಾಪಾವ್ ಮತ್ತು ಅವರ ಸಹೋದ್ಯೋಗಿ ಫರ್ನಾಂಡಿಸ್ 1950ರ ದಶಕದಲ್ಲಿ ವರ್ಣಿಸಿದ ಬಿಳಿ ಹೂವಿನ ಗಿಡಕ್ಕೆ ಬೊರಿವಲಿಯ ಹೆಸರಿನಿಂದ ಕ್ಲೋರೋಫೈಟಮ್ ಬೊರಿವಿಲಿಯಾನಮ್ ಎಂದು ಕರೆದರು. ಜನರಿಗೆ ಅದು ಸಫೇದ್ ಮುಸಲಿ. ಬಲವರ್ಧಕ ಔಷಧಿಯೆಂದು ಅದರ ಬೇರಿಗೆ ಬೆಲೆ ಬಂದ ಮೇಲೆ ಕಾಡುಗಳಲ್ಲಿ ಅಗೆದದ್ದೇ ಅಗೆದದ್ದು. ಈಗ ರೈತರು ಹೊಲದಲ್ಲಿ ಬೆಳೆಯುತ್ತಾರೆ, ಕಾಡಿನಲ್ಲಿ ಅದು ಅಪರೂಪವಾಗಿದೆ. ಹೂವಿನ ಮೋಹವೂ ಔಷಧಿಯ ವ್ಯಾಪಾರದಷ್ಟೇ ಕೆಡಿಸಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ಲೇಡೀಸ್ ಸ್ಲಿಪ್ಪರ್ ಆರ್ಕಿಡ್ ಸಾಕ್ಷಿ. ತೋಟದ ಚೆಲುವಿಗಾಗಿ ಜನ ಅದನ್ನು ಎಷ್ಟು ಕಿತ್ತರೆಂದರೆ 1917ರ ಹೊತ್ತಿಗೆ ಅದು ನಿರ್ನಾಮವಾಯಿತೆಂದೇ ತೀರ್ಮಾನಿಸಿದರು. 1930ರಲ್ಲಿ ಯಾರ್ಕ್‌ಷೈರಿನಲ್ಲಿ ಒಂದೇ ಒಂದು ಗಿಡ ಸಿಕ್ಕಿತು. ಅದನ್ನು ಗುಟ್ಟಾಗಿ ಕಾದು ಉಳಿಸಿದರು. ಕ್ಯೂ ಉದ್ಯಾನದ ವಿಜ್ಞಾನಿಗಳು ಬೀಜದಿಂದ ಬೆಳೆಸಿದ ಸಸಿಗಳು ಕಾಡಿಗೆ ಮರಳತೊಡಗಿದ್ದು 1989ರಲ್ಲಿ. ಆ ಒಂದು ಗಿಡವನ್ನು ಬಿಟ್ಟು ಉಳಿದದ್ದನ್ನೆಲ್ಲ ಮುಗಿಸಿದವರೂ ಒಬ್ಬೊಬ್ಬರು ಒಂದೊಂದನ್ನೇ ಕಿತ್ತವರಾಗಿದ್ದರು.

ಕಾನೂನಿನ ಮಾತನ್ನು ಚುಟುಕಾಗಿ ಹೇಳಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗಿನ ಸಸ್ಯಗಳಿಗೂ ಪ್ರಾಣಿಗಳಿಗಿರುವ ರಕ್ಷಣೆ ಇದೆ. ಆ ಉದ್ಯಾನಕ್ಕೆ ಸೇರಿದ ಯೇವೂರಿನ ಕಾಡಿನಲ್ಲಿ ಹುಲ್ಲುಕಡ್ಡಿಯನ್ನೂ ಕೀಳುವಂತಿಲ್ಲ. 1927ರ ಭಾರತೀಯ ಅರಣ್ಯ ಕಾಯ್ದೆ ಕಾಡಿನ ಉತ್ಪನ್ನಗಳ ಪಟ್ಟಿಯಲ್ಲಿ ಮರಮುಟ್ಟಿನ ಜೊತೆಗೆ ಹೂ, ಬಳ್ಳಿ, ಹಾವಸೆ, ಮೇಲ್ಮಣ್ಣನ್ನೂ ಸೇರಿಸಿದೆ. ಮೀಸಲು ಕಾಡಿನಿಂದ ಒಂದು ಚೀಲ ಮಣ್ಣು ತಂದರೂ ಅದು ಅಪರಾಧವೇ. ಬೀಜಕ್ಕೂ ಇದೇ ನಿಯಮ. ಆದ್ದರಿಂದ ನಾನು ಬೀಜ ತನ್ನಿ ಎನ್ನುವಾಗ ಉದ್ಯಾನದಿಂದಲ್ಲ, ರಸ್ತೆಯ ಅಂಚಿನಿಂದ, ಪರಿಚಿತರ ವಾಡಿಯಿಂದ, ಸೊಸೈಟಿಯ ಗೋಡೆಯ ಬದಿಯಿಂದ, ಬೀಜ ಹಂಚಿಕೊಳ್ಳುವ ಗೆಳೆಯರಿಂದ ಎಂಬುದು ಅರ್ಥ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಮಳೆ ಶುರುವಾದೊಡನೆ ಥಾಣೆ, ಕಲ್ಯಾಣ, ಡೊಂಬಿವಲಿ ಸ್ಟೇಷನ್ನಿನ ಹೊರಗೆ ವಾರ್ಲಿ, ಠಾಕೂರ್, ಕಾತಕರಿ ಹೆಂಗಸರು ಕಾಡಿನ ತರಕಾರಿಯ ಬುಟ್ಟಿಯಿಟ್ಟು ಕೂರುತ್ತಾರೆ. ಶೇವಳೆ, ಕುಳಿ, ಭಾರಂಗಿ, ಆಮೇಲೆ ಕಂಟೋಲಿ ಎಂಬ ಮಡಹಾಗಲ. ಶೇವಳೆಯೆಂದರೆ ನಮ್ಮ ಸುವರ್ಣಗೆಡ್ಡೆಯ ಕಾಡುಬಂಧುವಿನ ಹೂಗೊನೆ. ಕೆಳಗಿನ ಹಳದಿ ಭಾಗ ತೆಗೆದುಹಾಕಿ, ತುರಿಕೆ ಹೋಗಲು ಕಾಕಡ್ ಕಾಯಿಯ ಹುಳಿ ಹಾಕಿ ಬೇಯಿಸುತ್ತಾರೆ. ಅವರು ಬುಟ್ಟಿಗಟ್ಟಲೆ ತರುವಾಗ ನಮ್ಮ ಒಂದು ಗಿಡ ಯಾವ ಲೆಕ್ಕ ಎಂದು ಕೇಳುವವರಿದ್ದಾರೆ. ಅವರ ಬುಟ್ಟಿಯೊಳಗೆ ಏನಿದೆ ಎಂದು ನೋಡಿದರೆ ಉತ್ತರ ಸಿಗುತ್ತದೆ. ಶೇವಳೆಯಲ್ಲಿ ಅವರು ತಂದದ್ದು ನೆಲದ ಮೇಲಿನ ಗೊನೆ, ಗೆಡ್ಡೆ ಕಾಡಿನಲ್ಲೇ ಇದೆ. ಕುಳಿಯಲ್ಲಿ ತಂದದ್ದು ಎಳೆಯ ಎಲೆ. ಕಂಟೋಲಿಯಲ್ಲಿ ಕಾಯಿ. ಮತ್ತೆ ಬರುವುದನ್ನು ತಂದು, ಮತ್ತೆ ಬರಿಸುವುದನ್ನು ಬಿಟ್ಟು ಬಂದಿದ್ದಾರೆ, ಏಕೆಂದರೆ ಮುಂದಿನ ಜೂನಿನಲ್ಲಿ ಅವರೇ ಅದೇ ಜಾಗಕ್ಕೆ ಹೋಗಬೇಕು. ಕಾಡಿನ ಕಿರುಉತ್ಪನ್ನಗಳ ಮೇಲೆ ಅವರಿಗಿರುವ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಮನ್ನಿಸಿದೆ. ಪೇಟೆಯಲ್ಲಿ ಬೇಡಿಕೆ ಏರಿದಂತೆ ಗೊನೆಗಳೆಲ್ಲ ಕೊಯ್ದು ಹೋದರೆ ಬೀಜ ಕಟ್ಟುವುದು ಕಡಿಮೆಯಾದೀತು ಎಂಬ ಚಿಂತೆ ನ್ಯಾಯವಾದದ್ದೇ, ಅದು ಕೊಳ್ಳುವ ನಮ್ಮ ಮೇಲಿನ ಹೊಣೆಯೂ ಹೌದು. ಆದರೂ ಊಟಕ್ಕಾಗಿ ಗೊನೆ ಮುರಿಯುವುದಕ್ಕೂ ಅಲಂಕಾರಕ್ಕಾಗಿ ಗೆಡ್ಡೆ ಕೀಳುವುದಕ್ಕೂ ಹೋಲಿಕೆಯಿಲ್ಲ. ಕೊಂಕಣದ ಗೌರಿಹಬ್ಬದ ಸಂಪ್ರದಾಯವೂ ಇದೇ ವಿವೇಕವನ್ನು ತೋರುತ್ತದೆ. ಭಾದ್ರಪದದಲ್ಲಿ ಗೌರಿಯೆಂದು ಮನೆಗೆ ಕರೆತರುವುದು ತೇರಡಾ ಗಿಡವನ್ನು. ಅದು ಒಂದೇ ಮಳೆಗಾಲದ ಗಿಡ, ಅಷ್ಟರಲ್ಲಿ ಬೇಕಾದಷ್ಟು ಬೀಜ ಸಿಡಿಸಿರುತ್ತದೆ, ಹೇಗೂ ಅಕ್ಟೋಬರಿನಲ್ಲಿ ಒಣಗುವಂಥದ್ದು. ನೂರಾರು ಮನೆಗಳು ಕಿತ್ತರೂ ತಾಳಿಕೊಳ್ಳುವ ಗಿಡವನ್ನೇ ಹಿರಿಯರು ಆರಿಸಿಕೊಂಡರು.

ಮನೆಯ ತೋಟಗಳೇ ಎಷ್ಟೋ ಸಸ್ಯಗಳನ್ನು ಉಳಿಸಿವೆಯಲ್ಲ ಎಂಬ ಮಾತೂ ಇದೆ, ಅದು ನಿಜ. ಅಮೆರಿಕದ ಜಾರ್ಜಿಯಾದಲ್ಲಿ ಅಲ್ಟಮಾಹಾ ನದಿಯ ದಂಡೆಯಲ್ಲಿ 1765ರಲ್ಲಿ ಜಾನ್ ಮತ್ತು ವಿಲಿಯಂ ಬಾರ್ಟ್ರಾಂ ಕಂಡ ಫ್ರಾಂಕ್ಲಿನಿಯಾ ಎಂಬ ಹೂಮರ 1803ರ ಆಚೆಗೆ ಕಾಡಿನಲ್ಲಿ ಯಾರಿಗೂ ಸಿಗಲಿಲ್ಲ. ಇವತ್ತು ಲೋಕದಲ್ಲಿರುವ ಫ್ರಾಂಕ್ಲಿನಿಯಾಗಳೆಲ್ಲ ಫಿಲಡೆಲ್ಫಿಯಾದ ಅವರ ತೋಟದಿಂದ ಹಬ್ಬಿದವು. ಆದರೆ ವಿಲಿಯಂ ಬಾರ್ಟ್ರಾಂ ಆ ತೋಟಕ್ಕೆ ಒಯ್ದದ್ದು ಬೀಜ. ನಮ್ಮ ಹತ್ತಿರದ ಉದಾಹರಣೆ ಮಾಳಶೇಜ್ ಘಾಟಿನ ಆಚೆಗಿನ ಶಿವನೇರಿ ಕೋಟೆಯ ಬಂಡೆಗಳಲ್ಲಿ ಬೆಳೆಯುವ ಫ್ರೆರಿಯಾ ಇಂಡಿಕಾ. ಮರಾಠಿಯಲ್ಲಿ ಅದಕ್ಕೆ ಶಿವಸುಮನ ಎನ್ನುತ್ತಾರೆ, ಕೆಂಗಂದು ಬಣ್ಣದ ನಕ್ಷತ್ರದಂಥ ಹೂ. ಬೆರಳೆಣಿಕೆಯ ಜಾಗಗಳಲ್ಲಷ್ಟೇ ಉಳಿದಿದ್ದ ಆ ಗಿಡವನ್ನು ಕಾಂಡದ ತುಂಡುಗಳಿಂದ ಬೆಳೆಸಿ ಉಳಿಸಿಕೊಂಡಿದ್ದಾರೆ. ತಾಯಿಗಿಡ ಬಂಡೆಯ ಮೇಲೆ ಇದ್ದಲ್ಲೇ ಇರುತ್ತದೆ, ಒಂದು ತುಂಡು ಮಾತ್ರ ಕೆಳಗೆ ಬರುತ್ತದೆ. ತೋಟ ಸಸ್ಯವನ್ನು ಉಳಿಸಿದ ಕಡೆಯಲ್ಲೆಲ್ಲ ಕಾಡಿನ ಗಿಡ ಕಾಡಿನಲ್ಲೇ ಇತ್ತು, ತೋಟಕ್ಕೆ ಬಂದದ್ದು ಅದರ ಸಂತಾನ. ಇನ್ನು, ನಾಳೆ ಜೆಸಿಬಿ ಬರುವ ಗುಡ್ಡದಿಂದಲೂ ಗಿಡ ತೆಗೆಯಬಾರದೇ ಎಂದರೆ, ತೆಗೆಯಲೇಬೇಕು. ನವಿ ಮುಂಬಯಿ ವಿಮಾನ ನಿಲ್ದಾಣಕ್ಕಾಗಿ ಉಲ್ವೆಯ ಗುಡ್ಡ ನೆಲಸಮವಾದದ್ದನ್ನು ಈ ಸೀಮೆಯವರೆಲ್ಲ ಕಂಡಿದ್ದಾರೆ. ಅಂಥ ಕಡೆ ಪರವಾನಗಿ ಪಡೆದು, ಮಳೆ ಮುಗಿದು ಎಲೆ ಒಣಗಿದ ಮೇಲೆ ಗುರುತು ಹಾಕಿಟ್ಟ ಗೆಡ್ಡೆಗಳನ್ನು ಎತ್ತಿ, ಅದೇ ಬಗೆಯ ಮಣ್ಣು, ನೆರಳು ಇರುವ ಇನ್ನೊಂದು ಇಳಿಜಾರಿನಲ್ಲಿ ನೆಡುವುದು ಪುಣ್ಯದ ಕೆಲಸ. ವಯನಾಡಿನಲ್ಲಿ 1981ರಲ್ಲಿ ವೋಲ್ಫ್‌ಗಾಂಗ್ ತೋಯರ್‌ಕೌಫ್ ಆರಂಭಿಸಿದ ಗುರುಕುಲ ಸಸ್ಯಧಾಮ ಕಾಡು ಕಳೆದುಕೊಂಡ ಗಿಡಗಳಿಗೆ ಇಂಥದ್ದೇ ಆಸರೆ ಕೊಟ್ಟಿದೆ. ಅಲ್ಲಿ ಅದು ದಿನಪೂರ್ತಿಯ ಕಸುಬು. ಒಂದೊಂದು ಜಾತಿಯ ಸ್ವಭಾವ ಅರಿಯಲು ವರ್ಷಗಳನ್ನೇ ಕೊಟ್ಟಿದ್ದಾರೆ. ಭಾನುವಾರದ ಪ್ಲಾಸ್ಟಿಕ್ ಚೀಲಕ್ಕೆ ಆ ಹೆಸರು ಸಲ್ಲದು.

ಹಾಗಾದರೆ ಬಾಲ್ಕನಿಗೆ ಏನು ಬರಬಹುದು? ಮೊದಲ ಸ್ಥಾನ ಕರ್ಣಕುಂಡಲಕ್ಕೆ. ಸೆಪ್ಟೆಂಬರಿನಲ್ಲಿ ಅದರ ಕಾಯಿ ಉಬ್ಬಿ, ಹಸಿರು ಸ್ವಲ್ಪ ಮಾಸಿ, ರೋಮದ ಮೈ ಬಿಗಿದುಕೊಂಡಿರುತ್ತದೆ. ಬೆರಳು ತಾಗಿದ ಕೂಡಲೇ ಅದರ ಐದು ಹೋಳುಗಳೂ ಸುರುಳಿಯಾಗಿ ಒಳಕ್ಕೆ ಮಡಚಿಕೊಳ್ಳುತ್ತವೆ, ಕಂದು ಬೀಜಗಳು ಮಾರು ದೂರ ಸಿಡಿಯುತ್ತವೆ. ಕಾಯಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಒಡೆದರೆ ಬೀಜ ಕೈಯಲ್ಲೇ ಉಳಿಯುತ್ತದೆ. ರಸ್ತೆ ಬದಿಯ ಕೆಲವೇ ಗಿಡಗಳಿಂದ ಒಂದೆರಡು ಕಾಯಿ ಸಾಕು. ಕಾಗದದ ಪೊಟ್ಟಣದಲ್ಲಿಟ್ಟು ಮೊದಲ ಮಳೆಗೆ ಕುಂಡದಲ್ಲಿ ಉದುರಿಸಿದರೆ ಶ್ರಾವಣದ ಹೊತ್ತಿಗೆ ಗುಲಾಬಿ ಹೂ. ಗಿಡ ಒಣಗಿದ ಮೇಲೆ ಕುಂಡಕ್ಕೆ ಕೈ ಹಚ್ಚದೆ ಬಿಟ್ಟರೆ ಮರುವರ್ಷ ತಾನಾಗಿ ಮೊಳೆಯುತ್ತದೆ. ಎರಡನೆಯದು ಅಗ್ನಿಶಿಖೆ. ಇದರ ಬೀಜಕ್ಕೆ ಔಷಧ ಉದ್ಯಮದಲ್ಲಿ ಬೇಡಿಕೆಯಿರುವುದರಿಂದ ತಮಿಳುನಾಡಿನ ರೈತರು ಹೊಲದಲ್ಲೇ ಬೆಳೆಯುತ್ತಾರೆ, ಹಾಗಾಗಿ ಬೆಳೆಸಿದ ಗೆಡ್ಡೆಯೇ ಕೊಳ್ಳಲು ಸಿಗುತ್ತದೆ. ಕವಲೊಡೆದ ಗೆಡ್ಡೆಯ ತುದಿಯಲ್ಲಿ ಮಾತ್ರ ಮೊಳಕೆಯ ಕಣ್ಣಿರುತ್ತದೆ, ತುದಿ ಮುರಿದರೆ ಗೆಡ್ಡೆ ವ್ಯರ್ಥ. ಗಿಡವೆಲ್ಲ ಕಾಲ್ಚಿಸಿನ್ ಎಂಬ ವಿಷದಿಂದ ಕೂಡಿದ್ದು, ಮಕ್ಕಳ ಕೈಗೆ ಎಟಕದ ಜಾಗದಲ್ಲಿ ಇಡಬೇಕು. ಕಾಡು ಅರಿಶಿನದ ಗೆಡ್ಡೆಯನ್ನು ಬೆಳೆಸಿದವರಿಂದ ಬೇಸಗೆಯಲ್ಲಿ ಕೇಳಿ ತರಬಹುದು. ಈಶ್ವರಿ ಬಳ್ಳಿ ಬೀಜದಿಂದ ಬರುತ್ತದೆ, ಅದರ ಎಲೆಗೆ ಕೆಂಪು ಮೈಯ ಕ್ರಿಮ್ಸನ್ ರೋಸ್ ಚಿಟ್ಟೆ ಮೊಟ್ಟೆಯಿಡಲು ಬರುತ್ತದೆ. ಕರಿಬೇವಿನ ಎಲೆಯಲ್ಲಿ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳುವನ್ನು ಸಾಯಿಸದೆ ಬಿಟ್ಟರೆ ಅದು ಮಾರ್ಮನ್ ಚಿಟ್ಟೆಯಾಗಿ ಹಾರುತ್ತದೆ. ಥಾಣೆಯ ಘೋಡಬಂದರ್ ರಸ್ತೆಯ ಓವಳೇಕರ್ ವಾಡಿಯಲ್ಲಿ ಒಂದು ಕುಟುಂಬದ ಜಮೀನೇ ಚಿಟ್ಟೆಗಳ ತೋಟವಾಗಿರುವುದು ಇಂಥ ಗಿಡಗಳ ಬಲದಿಂದ.

ಇದಕ್ಕೂ ಹತ್ತಿರದ ಒಂದು ಕೆಲಸವನ್ನು ನಾವು ಕಡೆಗಣಿಸಿದ್ದೇವೆ. ಕಾಡಿನ ಹೂಗಳಲ್ಲಿ ಕೆಲವು ನಾವು ಕರೆಯದೆಯೇ ಮನೆಬಾಗಿಲಿಗೆ ಬರುತ್ತವೆ. ಸೊಸೈಟಿಯ ಕಂಪೌಂಡ್ ಗೋಡೆಯ ಬಿರುಕಿನಲ್ಲಿ, ರೈಲು ಹಳಿಯ ಬದಿಯ ಕಲ್ಲಿನಲ್ಲಿ, ಪಾರ್ಕಿಂಗಿನ ಮೂಲೆಯಲ್ಲಿ ಮಳೆಗಾಲದಲ್ಲಿ ನೀಲಿ ಕಮೆಲೈನಾ, ಅಣ್ಣೆಸೊಪ್ಪಿನ ಬಿಳಿ ಗುಲಾಬಿ ತೆನೆ, ತಗಚೆಯ ಹಳದಿ ಹೂ, ಕೆಲವೊಮ್ಮೆ ಕರ್ಣಕುಂಡಲವೂ ತಾನಾಗಿ ಏಳುತ್ತವೆ. ಅವುಗಳನ್ನು ಕಸವೆಂದು ಮಾಳಿಯಿಂದ ಕೀಳಿಸುತ್ತೇವೆ, ಕಳೆನಾಶಕ ಹೊಡೆಸುತ್ತೇವೆ, ಕೊನೆಗೆ ಅಂಗಳಕ್ಕೆಲ್ಲ ಪೇವರ್ ಬ್ಲಾಕ್ ಹಾಸುತ್ತೇವೆ. ಆಮೇಲೆ ಕುಂಡಕ್ಕೆ ತುಂಬಲು ಚೀಲಗಟ್ಟಲೆ ಕೆಂಪು ಮಣ್ಣು ಕೊಳ್ಳುತ್ತೇವೆ. ಆ ಮಣ್ಣೂ ಎಲ್ಲೋ ಒಂದು ಗುಡ್ಡದ ಮೈಯಿಂದ ಕೆರೆದದ್ದೇ, ಅದರೊಂದಿಗೆ ಅಲ್ಲಿನ ಬೀಜ, ಗೆಡ್ಡೆಗಳೂ ಹೋಗಿರುತ್ತವೆ. ಅಡುಗೆಮನೆಯ ಹಸಿಕಸ, ಸೊಸೈಟಿಯ ತರಗೆಲೆಗಳನ್ನು ಕೊಳೆಯಿಸಿ ಮಾಡಿದ ಗೊಬ್ಬರವನ್ನು ಕುಂಡದ ಹಳೆಯ ಮಣ್ಣಿಗೇ ಬೆರೆಸುತ್ತಾ ಬಂದರೆ ಹೊಸ ಮಣ್ಣಿನ ಅಗತ್ಯ ಬಹಳ ಕಡಿಮೆಯಾಗುತ್ತದೆ. ಸೊಳ್ಳೆ, ಹಾವಿನ ಭಯಕ್ಕಾಗಿ ಅಂಗಳ ಚೊಕ್ಕಟವಿರಬೇಕೆಂಬ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸೊಳ್ಳೆ ಹುಟ್ಟುವುದು ನಿಂತ ನೀರಿನಲ್ಲಿ. ಮಣ್ಣು ನೀರನ್ನು ಹೀರುತ್ತದೆ, ತಗ್ಗು ಬಿದ್ದ ಬ್ಲಾಕಿನ ಮೇಲೆ ನೀರು ನಿಲ್ಲುತ್ತದೆ. ಹಾವಿನ ಭಯಕ್ಕೆ ಓಡಾಟದ ದಾರಿಯ ಬದಿ ಕತ್ತರಿಸಿಟ್ಟು, ಗೋಡೆಯ ಅಂಚಿನ ಎರಡಡಿಯ ಪಟ್ಟಿಯನ್ನಷ್ಟೇ ಬಿಟ್ಟರೆ ಸಾಕು.

ಇಷ್ಟಾದರೂ ಮನೆಗೆ ಬಾರದ ಹೂಗಳು ಉಳಿಯುತ್ತವೆ, ಅವನ್ನು ಹಾಗೇ ಒಪ್ಪಿಕೊಳ್ಳಬೇಕು. ಯೇವೂರಿನ ಇಳಿಜಾರುಗಳಲ್ಲಿರುವ ಕಾರ್ವಿ ಎಂಟು ವರ್ಷಕ್ಕೊಮ್ಮೆ ಅರಳಿ, ಬೀಜ ಕಟ್ಟಿ, ಸಾಯುತ್ತದೆ. 2008, 2016, 2024ರಲ್ಲಿ ಅದು ಇಲ್ಲಿ ಗುಡ್ಡಕ್ಕೆ ಗುಡ್ಡವೇ ನೇರಳೆಯಾಗುವಂತೆ ಅರಳಿತು. ಒಂದು ಕಾರ್ವಿ ಗಿಡವನ್ನು ಕುಂಡದಲ್ಲಿ ಎಂಟು ವರ್ಷ ಸಾಕಿದರೂ ಆ ನೋಟ ಸಿಗದು, ಅದರ ಚೆಲುವಿರುವುದೇ ಒಟ್ಟಿಗೆ ಅರಳುವುದರಲ್ಲಿ. ಕಾಡಿನ ಹೂವನ್ನು ಅದರ ಜಾಗದಲ್ಲೇ ಹೋಗಿ ಕಾಣುವ ಸುಖವನ್ನು ಕನ್ನಡದ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯುವುದಕ್ಕೂ ಮುಂಚಿನಿಂದ ನಮ್ಮಲ್ಲಿ ಆ ಅಕ್ಕರೆ ಇದೆ. ಅದಕ್ಕಿಂತ ಹಳೆಯದು ಕರಾವಳಿಯ ನಾಗಬನದ ನಿಯಮ, ಮಹಾರಾಷ್ಟ್ರದ ದೇವರಾಯಿಯ ನಿಯಮ. ಬನದೊಳಗಿನಿಂದ ಒಂದು ಕಡ್ಡಿಯನ್ನೂ ತರಬಾರದು ಎಂದು ಬೆಳೆದವರು ನಾವು. ಮಾಧವ ಗಾಡ್ಗೀಳ್ ಮತ್ತು ವಿ.ಡಿ. ವರ್ತಕ್ 1970ರ ದಶಕದಲ್ಲಿ ಪಶ್ಚಿಮಘಟ್ಟದ ದೇವರಕಾಡುಗಳನ್ನು ಅಧ್ಯಯನ ಮಾಡಿದಾಗ, ಸುತ್ತಲಿನ ಕಾಡು ಕರಗಿದ ಕಡೆಯೂ ಈ ನಿಯಮದಿಂದಾಗಿ ಉಳಿದ ಹಸಿರನ್ನು ಎತ್ತಿ ತೋರಿಸಿದರು. ಊರಿನ ಬನಕ್ಕೆ ಕೊಡುವ ಮರ್ಯಾದೆಯನ್ನೇ ಯೇವೂರಿಗೂ ಖಾರ್ಘರಿಗೂ ಕೊಡುವುದು ನಮಗೆ ಹೊಸ ಪಾಠವಲ್ಲ. ಈ ಮಳೆಗಾಲದಲ್ಲಿ ಗುಡ್ಡಕ್ಕೆ ಹೋಗುವವರು ಕುರ್ಪಿ, ಚೀಲ ಮನೆಯಲ್ಲೇ ಬಿಟ್ಟು ಹೋಗಲಿ. ಮನೆಯಲ್ಲಿ ಹೂ ಬೇಕೆನ್ನುವವರು ಒಂದು ಪೊಟ್ಟಣ ಬೀಜದಿಂದ ಆರಂಭಿಸಲಿ. ಸೊಸೈಟಿಯ ಮುಂದಿನ ಸಭೆಯಲ್ಲಿ ಪೇವರ್ ಬ್ಲಾಕಿನ ವಿಷಯ ಬಂದಾಗ ಒಬ್ಬರಾದರೂ ಎದ್ದು ನಿಂತು, ಗೋಡೆಯ ಬದಿಯ ಎರಡಡಿ ಮಣ್ಣನ್ನು ಹಾಗೇ ಬಿಡಿ ಎಂದು ಕೇಳಲಿ. ಕಾಡಿನ ಹೂವು ನಮ್ಮ ಮನೆಗೆ ಬರಲು ಬೇಕಾದದ್ದು ಅಷ್ಟು ಮಣ್ಣು, ಬೇಸಗೆಯಲ್ಲಿ ಅದನ್ನು ಕೆದಕದಿರುವಷ್ಟು ತಾಳ್ಮೆ.